ಶನಿ ಹೆಸರಿನ ಕಾರಿಗೆ ಹಿಡಿದ ಶನಿ

ಶನಿಯ ಹೆಸರು ಕೇಳಿದರೆ ಎಳ್ಳೆಣ್ಣೆ ದೀಪ ಹಚ್ಚಲು ಓಡುವವರು ನಾವು. ಹೊಸ ವಾಹನವನ್ನು ಶನಿವಾರದ ದಿನ ಮನೆಗೆ ತರಲು ಹಿಂದೆಮುಂದೆ ನೋಡುವ ಮನೆಗಳು ಇಂದಿಗೂ ಇವೆ. ಅಂಥದ್ದರಲ್ಲಿ ಕಾರಿಗೇ ಶನಿಯ ಹೆಸರಿಡುವುದೆಂದರೆ! ಅಮೆರಿಕದ ಜನರಲ್ ಮೋಟಾರ್ಸ್ ಕಂಪೆನಿ ಮಾಡಿದ್ದು ಅದನ್ನೇ. 1985ರಲ್ಲಿ ಅದು ಹುಟ್ಟುಹಾಕಿದ ಹೊಸ ಕಾರು ಸಂಸ್ಥೆಯ ಹೆಸರು ಸ್ಯಾಟರ್ನ್, ಅಂದರೆ ಶನಿಗ್ರಹ. ಅವರಿಗೆ ಜಾತಕದ ಹಂಗಿರಲಿಲ್ಲ. ಚಂದ್ರನ ಮೇಲೆ ಮೊದಲು ಕಾಲಿಡುವ ಪೈಪೋಟಿಯಲ್ಲಿ ರಷ್ಯವನ್ನು ಹಿಂದಿಕ್ಕಲು ಅಮೆರಿಕಕ್ಕೆ ನೆರವಾದ ರಾಕೆಟ್ಟಿನ ಹೆಸರು ಸ್ಯಾಟರ್ನ್. ಈ ಸಲ ಹಿಂದಿಕ್ಕಬೇಕಾಗಿದ್ದುದು ಜಪಾನನ್ನು.

ಮೊದಲ ಕಾರು ಕಾರ್ಖಾನೆಯಿಂದ ಹೊರಬಂದದ್ದು 1990ರಲ್ಲಿ. ತಯಾರಿಕೆ ನಿಂತದ್ದು 2009ರಲ್ಲಿ. ಶನಿದಶೆಯ ಅವಧಿ 19 ವರ್ಷ ಎನ್ನುವ ಜ್ಯೋತಿಷಿಗಳಿಗೆ ಈ ಲೆಕ್ಕ ಖುಷಿ ಕೊಡಬಹುದು. ಆದರೆ ಸ್ಯಾಟರ್ನಿನ ಏಳುಬೀಳಿಗೆ ಕಾರಣ ಹುಡುಕಲು ಪಂಚಾಂಗ ತೆರೆಯಬೇಕಾಗಿಲ್ಲ. ಎಲ್ಲವೂ ಭೂಮಿಯ ಮೇಲೆ, ಕಂಪೆನಿಯ ಕಚೇರಿ ಮತ್ತು ಕಾರ್ಖಾನೆಗಳಲ್ಲಿಯೇ ನಡೆದುಹೋಯಿತು.

ಅಮೆರಿಕದಲ್ಲಿ ಹುಟ್ಟಿ ಮರೆಯಾದ ಕಾರು ಬ್ರಾಂಡುಗಳ ಪಟ್ಟಿ ಉದ್ದವಿದೆ: ಪ್ಯಾಕಾರ್ಡ್, ಹಡ್ಸನ್, ಸ್ಟುಡಿಬೇಕರ್, ಪ್ಲಿಮತ್, ಓಲ್ಡ್ಸ್‌ಮೊಬೈಲ್, ಪಾಂಟಿಯಾಕ್. ಇವುಗಳನ್ನು ಮೆಚ್ಚಿದವರು ಎಂಜಿನ್ನಿನ ಬಲವನ್ನೋ ಮೈಮಾಟವನ್ನೋ ನೆನೆದು ಮಾತನಾಡುತ್ತಾರೆ. ಸ್ಯಾಟರ್ನ್ ಇಟ್ಟುಕೊಂಡಿದ್ದವರದು ಬೇರೆಯೇ ರಾಗ. ಕಾರನ್ನು ತಮಗೆ ಹೇಗೆ ಮಾರಿದರು, ಕೆಟ್ಟಾಗ ಹೇಗೆ ನಡೆದುಕೊಂಡರು ಎಂಬುದೇ ಅವರ ನೆನಪಿನ ಮುಖ್ಯ ಸರಕು. ಯಂತ್ರವಾಗಿ ಸ್ಯಾಟರ್ನ್ ಸಾಧಾರಣ ಕಾರು. ಕಂಪೆನಿ ನಿಜವಾಗಿ ಮಾರಿದ್ದು ನಂಬಿಕೆಯನ್ನು. ಅದನ್ನು ಗಳಿಸಿದ ಬಗೆ ಮತ್ತು ಕಳೆದುಕೊಂಡ ಬಗೆ ಎರಡೂ ತಿಳಿಯಬೇಕಾದ ಸಂಗತಿಗಳು.

ಜಪಾನಿನ ಪೆಟ್ಟು

1973 ಮತ್ತು 1979ರ ತೈಲ ಬಿಕ್ಕಟ್ಟುಗಳು ಅಮೆರಿಕನ್ನರ ಕಾರಿನ ಅಭಿರುಚಿಯನ್ನೇ ಬದಲಿಸಿದವು. ಹಡಗಿನಂಥ ಕಾರುಗಳನ್ನು ಓಡಿಸುತ್ತಿದ್ದ ಜನ ಪೆಟ್ರೋಲ್ ಬಂಕುಗಳ ಮುಂದೆ ಸಾಲು ನಿಂತರು. ಆಗ ಕಣ್ಣಿಗೆ ಬಿದ್ದದ್ದು ಟೊಯೋಟಾ, ಹೋಂಡಾ, ಡಾಟ್ಸನ್‌ಗಳ ಪುಟ್ಟ ಕಾರುಗಳು. ಇವು ಕಡಿಮೆ ಪೆಟ್ರೋಲಿಗೆ ಹೆಚ್ಚು ಓಡುತ್ತಿದ್ದವು, ಪದೇ ಪದೇ ಕೆಡುತ್ತಲೂ ಇರಲಿಲ್ಲ. ಜನರಲ್ ಮೋಟಾರ್ಸ್ ತಾನೂ ಸಣ್ಣ ಕಾರು ಮಾಡಿತು, ಆದರೆ ಅವು ಬೇಗ ತುಕ್ಕು ಹಿಡಿಯುತ್ತವೆ, ರಿಪೇರಿಗೆ ಬರುತ್ತವೆ ಎಂಬ ಕೆಟ್ಟ ಹೆಸರು ಅಂಟಿಕೊಂಡಿತು. ಒಂದು ಕಾಲದಲ್ಲಿ ಅಮೆರಿಕದಲ್ಲಿ ಮಾರಾಟವಾಗುವ ಎರಡು ಕಾರುಗಳಲ್ಲಿ ಹೆಚ್ಚುಕಡಿಮೆ ಒಂದು ತನ್ನದು ಎಂದು ಬೀಗುತ್ತಿದ್ದ ಕಂಪೆನಿಯ ಪಾಲು 1980ರ ದಶಕದುದ್ದಕ್ಕೂ ಕರಗುತ್ತ ಹೋಯಿತು.

1983ರ ನವೆಂಬರಿನಲ್ಲಿ ಕಂಪೆನಿಯ ಅಧ್ಯಕ್ಷ ರೋಜರ್ ಸ್ಮಿತ್ ಹೊಸ ಯೋಜನೆಯೊಂದನ್ನು ಪ್ರಕಟಿಸಿದರು. ಜಪಾನಿನ ಸಣ್ಣ ಕಾರುಗಳಿಗೆ ಸರಿಸಾಟಿಯಾದ ಕಾರನ್ನು ಅಮೆರಿಕದಲ್ಲೇ, ಅಮೆರಿಕದ ಕಾರ್ಮಿಕರಿಂದಲೇ ತಯಾರಿಸುವುದು ಗುರಿ. ಇದಕ್ಕೆ ಹಳೆಯ ಕಾರ್ಖಾನೆಗಳ ಹಳೆಯ ರೀತಿನೀತಿ ಒಗ್ಗದು ಎಂಬುದನ್ನು ಸ್ಮಿತ್ ಬಲ್ಲವರಾಗಿದ್ದರು. ಆ ಕಾರ್ಖಾನೆಗಳಲ್ಲಿ ಆಡಳಿತ ವರ್ಗಕ್ಕೂ ಕಾರ್ಮಿಕ ಸಂಘಕ್ಕೂ ಹಾವು ಮುಂಗುಸಿಯ ಸಂಬಂಧ. ಯಾರು ಯಾವ ಬೋಲ್ಟ್ ಬಿಗಿಯಬೇಕು, ಯಾರು ಬಿಗಿಯಕೂಡದು ಎಂಬುದಕ್ಕೂ ದಪ್ಪ ದಪ್ಪ ಒಪ್ಪಂದಗಳು.

ವಿಶೇಷವೆಂದರೆ, ಈ ಗೋಡೆಯನ್ನು ಕೆಡವಲು ಯುನೈಟೆಡ್ ಆಟೋ ವರ್ಕರ್ಸ್ ಕಾರ್ಮಿಕ ಸಂಘದ ನಾಯಕ ಡೊನಾಲ್ಡ್ ಎಫ್ಲಿನ್ ಕೂಡ ಕೈಜೋಡಿಸಿದರು. 1984ರಲ್ಲಿ ಕಂಪೆನಿಯ ಅಧಿಕಾರಿಗಳು ಮತ್ತು ಕಾರ್ಮಿಕರನ್ನು ಸೇರಿಸಿ 99 ಜನರ ತಂಡವೊಂದನ್ನು ಕಟ್ಟಲಾಯಿತು. ಒಳ್ಳೆಯ ಕಂಪೆನಿಗಳು ಹೇಗೆ ಕೆಲಸ ಮಾಡುತ್ತವೆ ಎಂದು ಈ ತಂಡ ದೇಶವಿದೇಶ ಸುತ್ತಿ ನೋಡಿ ಬಂತು. ಅದರ ಫಲವಾಗಿ 1985ರಲ್ಲಿ ಹೊರಬಂದ ಒಪ್ಪಂದ ಬರೇ 28 ಪುಟದ್ದು. ಕಾರ್ಮಿಕರ ಸಂಬಳದ ಒಂದು ಪಾಲು ಗುಣಮಟ್ಟ ಮತ್ತು ಉತ್ಪಾದನೆಯ ಗುರಿಗೆ ಗಂಟುಬಿದ್ದಿತು. ಬದಲಿಗೆ ಅವರಿಗೆ ಆಡಳಿತದಲ್ಲಿ ಪಾಲು ಸಿಕ್ಕಿತು. ಪ್ರತಿ ಹಂತದ ಅಧಿಕಾರಿಯ ಪಕ್ಕದಲ್ಲಿ ಸಂಘದ ಒಬ್ಬ ಪ್ರತಿನಿಧಿ ಇರುತ್ತಿದ್ದರು. ಹಾಜರಿ ಹೊಡೆಯುವ ಗಡಿಯಾರ ಇರಲಿಲ್ಲ. ದೋಷ ಕಂಡರೆ ಯಾವ ಕಾರ್ಮಿಕ ಬೇಕಾದರೂ ಜೋಡಣಾ ಸಾಲನ್ನು ನಿಲ್ಲಿಸಬಹುದಿತ್ತು.

ಕಾರ್ಖಾನೆ ನಮ್ಮಲ್ಲಿಗೆ ಬರಲಿ ಎಂದು ಮೂವತ್ತಕ್ಕೂ ಹೆಚ್ಚು ರಾಜ್ಯಗಳು ಮುಗಿಬಿದ್ದವು. ಏಳು ರಾಜ್ಯಪಾಲರು ಒಂದೇ ಟಿವಿ ಕಾರ್ಯಕ್ರಮದಲ್ಲಿ ಕುಳಿತು ತಂತಮ್ಮ ರಾಜ್ಯವನ್ನು ಹೊಗಳಿಕೊಂಡರು. (ಅಲ್ಲಿಯ ರಾಜ್ಯಪಾಲರೆಂದರೆ ಜನ ಆರಿಸಿ ಕಳುಹಿಸಿದವರು, ನಮ್ಮ ಮುಖ್ಯಮಂತ್ರಿಗಳಿದ್ದಂತೆ. ಬಂಡವಾಳಕ್ಕಾಗಿ ಮುಖ್ಯಮಂತ್ರಿಗಳು ಕಂಪೆನಿಗಳ ಬಾಗಿಲು ತಟ್ಟುವುದು ನಮ್ಮಲ್ಲಿ ರೂಢಿಯಾದದ್ದು ಆಮೇಲೆ.) ಕೊನೆಗೆ ಅದೃಷ್ಟ ಖುಲಾಯಿಸಿದ್ದು ಟೆನ್ನೆಸ್ಸಿ ರಾಜ್ಯದ ಸ್ಪ್ರಿಂಗ್ ಹಿಲ್‌ಗೆ. ನ್ಯಾಶ್‌ವಿಲ್ ನಗರದ ದಕ್ಷಿಣಕ್ಕೆ ಸುಮಾರು 50 ಕಿಲೋಮೀಟರ್ ದೂರದ, ಸಾವಿರ ಚಿಲ್ಲರೆ ಜನರ ಹಳ್ಳಿ ಅದು. 1864ರಲ್ಲಿ ಅಮೆರಿಕದ ಅಂತರ್ಯುದ್ಧದ ಒಂದು ಕಾಳಗ ನಡೆದದ್ದು ಬಿಟ್ಟರೆ ಅಲ್ಲಿ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಮಿಶಿಗನ್ ಮೊದಲಾದ ಉತ್ತರದ ರಾಜ್ಯಗಳ ಕಾರ್ಖಾನೆಗಳಿಂದ ಸಾವಿರಾರು ಕಾರ್ಮಿಕರು ಸಂಸಾರ ಸಮೇತ ಅಲ್ಲಿಗೆ ಗುಳೆ ಬಂದರು.

ಬೆಲೆ ಒಂದೇ, ಮಾತು ಒಂದೇ

1990ರ ಜುಲೈ 30ರಂದು ಮೊದಲ ಸ್ಯಾಟರ್ನ್ ಕಾರು ಹೊರಬಂತು. ಅದನ್ನು ಓಡಿಸಿದವರು ರೋಜರ್ ಸ್ಮಿತ್. ಪಕ್ಕದಲ್ಲಿ ಕಾರ್ಮಿಕ ಸಂಘದ ಅಧ್ಯಕ್ಷ ಓವೆನ್ ಬೀಬರ್. ಸ್ಮಿತ್ ನಿವೃತ್ತರಾಗುವ ಹೊತ್ತು ಅದು. ಅಕ್ಟೋಬರಿನಲ್ಲಿ ಮಾರಾಟ ಶುರುವಾಯಿತು. ಅತಿ ಅಗ್ಗದ ಮಾದರಿಯ ಬೆಲೆ 7,995 ಡಾಲರ್.

ಕಾರಿನಲ್ಲಿ ಹೊಸತೇನಿತ್ತು? ಉಕ್ಕಿನ ಹಂದರದ ಮೇಲೆ ಬೋಲ್ಟ್ ಹಾಕಿ ಕೂರಿಸಿದ ಪ್ಲಾಸ್ಟಿಕ್ ಬಾಗಿಲು, ಪ್ಲಾಸ್ಟಿಕ್ ಮಡ್‌ಗಾರ್ಡ್. ಬಾನೆಟ್, ಮಾಡು ಮತ್ತು ಡಿಕ್ಕಿಯ ಮುಚ್ಚಳ ಮಾತ್ರ ಉಕ್ಕಿನವು. ಪ್ಲಾಸ್ಟಿಕ್ ಭಾಗಕ್ಕೆ ತುಕ್ಕಿನ ಭಯವಿಲ್ಲ. ಅಂಗಡಿ ಮುಂದೆ ಗಾಡಿ ನಿಲ್ಲಿಸಿದಾಗ ಸಾಮಾನಿನ ತಳ್ಳುಗಾಡಿ ಬಂದು ಗುದ್ದಿದರೂ ತಗ್ಗು ಬೀಳುವುದಿಲ್ಲ. ಷೋರೂಮಿನಲ್ಲಿ ಮಾರಾಟಗಾರರು ಬಾಗಿಲಿಗೆ ಒದ್ದು ತೋರಿಸುತ್ತಿದ್ದರು. ಆದರೆ ಬಿಸಿಲಿಗೆ ಪ್ಲಾಸ್ಟಿಕ್ ಹಿಗ್ಗುವುದರಿಂದ ಭಾಗ ಭಾಗಗಳ ನಡುವೆ ಅಗಲ ಸಂದು ಬಿಡಬೇಕಾಗಿತ್ತು. ಅದು ನೋಡುವವರ ಕಣ್ಣಿಗೆ ಕೆಲಸ ಅಚ್ಚುಕಟ್ಟಿಲ್ಲ ಎನ್ನುವಂತೆ ಕಾಣುತ್ತಿತ್ತು. 1.9 ಲೀಟರಿನ ಎಂಜಿನ್ ಗಟ್ಟಿಯಾಗಿತ್ತು, ಹೆದ್ದಾರಿಯಲ್ಲಿ ಲೀಟರಿಗೆ ಸುಮಾರು 17 ಕಿಲೋಮೀಟರ್ ಕೊಡುತ್ತಿತ್ತು. ಆದರೆ ಗಲಾಟೆ ವಿಪರೀತ. ಕಾರು ಪತ್ರಿಕೆಗಳವರು ಈ ಸದ್ದನ್ನು ದೂರದೇ ಬಿಟ್ಟ ಲೇಖನ ಅಪರೂಪ.

ಇಷ್ಟಾದರೂ ಜನ ಮುಗಿಬಿದ್ದದ್ದು ಏಕೆ ಎಂಬುದಕ್ಕೆ ಉತ್ತರ ಷೋರೂಮಿನಲ್ಲಿತ್ತು.

ಅಮೆರಿಕದಲ್ಲಿ ಹೊಸ ಕಾರು ಕೊಳ್ಳುವುದೆಂದರೆ ಹೆಚ್ಚುಕಡಿಮೆ ಜಾತ್ರೆಯಲ್ಲಿ ಜೋಡೆತ್ತು ಕೊಂಡಂತೆ. ಚೀಟಿಯ ಮೇಲೆ ಒಂದು ಬೆಲೆ ಇರುತ್ತದೆ, ಆ ಬೆಲೆಗೆ ಕೊಂಡವನು ಪೆದ್ದ. ಮಾರಾಟಗಾರ ಒಂದು ಹೇಳುತ್ತಾನೆ, ಗಿರಾಕಿ ಇನ್ನೊಂದು ಹೇಳುತ್ತಾನೆ, 'ಮೇಲಿನವರನ್ನು ಕೇಳಿ ಬರುತ್ತೇನೆ' ಎಂದು ಆತ ಒಳಗೆ ಹೋಗುತ್ತಾನೆ. ನಮ್ಮ ಜಾತ್ರೆಯಲ್ಲಾದರೂ ದಲ್ಲಾಳಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸುತ್ತಾನೆ. ಅಲ್ಲಿ ಗಂಟೆಗಟ್ಟಲೆ ಇದೇ ನಾಟಕ. ಒಂದೇ ಕಾರಿಗೆ ಇಬ್ಬರು ಎರಡು ಬೆಲೆ ಕೊಟ್ಟಿರುತ್ತಾರೆ. ಒಂಟಿಯಾಗಿ ಬಂದ ಹೆಂಗಸರಿಗೆ, ವ್ಯವಹಾರ ಗೊತ್ತಿಲ್ಲದವರಿಗೆ ಹೆಚ್ಚು ಬೆಲೆ ಹೇಳುವುದು ಸಾಮಾನ್ಯ ದೂರಾಗಿತ್ತು.

ಸ್ಯಾಟರ್ನ್ ಈ ಚೌಕಾಸಿಯನ್ನೇ ತೆಗೆದುಹಾಕಿತು. ಚೀಟಿಯಲ್ಲಿರುವುದೇ ಬೆಲೆ, ಎಲ್ಲರಿಗೂ ಅದೇ. ಇದು ಬರೇ ಒಳ್ಳೆಯತನದಿಂದ ಆಗುವ ಕೆಲಸವಲ್ಲ. ಒಂದೇ ಊರಿನಲ್ಲಿ ಐದು ಡೀಲರುಗಳಿದ್ದರೆ ಒಬ್ಬರ ಮೇಲೊಬ್ಬರು ಬೆಲೆ ಇಳಿಸಿಯೇ ಇಳಿಸುತ್ತಾರೆ. ಆದ್ದರಿಂದ ಸ್ಯಾಟರ್ನ್ ಒಂದು ದೊಡ್ಡ ಪ್ರದೇಶವನ್ನು ಒಬ್ಬನೇ ಡೀಲರಿಗೆ ವಹಿಸಿತು. ಪಕ್ಕದ ಅಂಗಡಿಯೂ ಅವನದೇ ಆದ ಮೇಲೆ ಬೆಲೆ ಮುರಿಯುವ ಪ್ರಶ್ನೆ ಎಲ್ಲಿ? ಹೆಚ್ಚಿನ ಕಡೆ ಮಾರಾಟಗಾರರಿಗೆ ಕಮಿಷನ್ನಿನ ಬದಲು ಸಂಬಳವೇ ಮುಖ್ಯವಾಯಿತು. ಹೀಗಾಗಿ ಗಿರಾಕಿಯ ಬೆನ್ನು ಬೀಳುವ ಅಗತ್ಯವೂ ತಪ್ಪಿತು. ಕೊಂಡ ಕಾರು ಹಿಡಿಸದಿದ್ದರೆ 30 ದಿನ ಅಥವಾ 1,500 ಮೈಲಿಯೊಳಗೆ ಹಿಂತಿರುಗಿಸಬಹುದಿತ್ತು.

ಕಾರು ಒಪ್ಪಿಸುವುದೂ ಒಂದು ಸಮಾರಂಭ. ಷೋರೂಮಿನ ಸಿಬ್ಬಂದಿಯೆಲ್ಲ ಕೆಲಸ ಬಿಟ್ಟು ಬಂದು ಸುತ್ತ ನಿಂತು ಚಪ್ಪಾಳೆ ತಟ್ಟುತ್ತಿದ್ದರು, ಕೀ ಕೊಟ್ಟು ಫೋಟೋ ತೆಗೆಯುತ್ತಿದ್ದರು. ಮುಜುಗರಪಟ್ಟವರೂ ಇದ್ದರು ಎನ್ನಿ. ಹೊಸ ಗಾಡಿಗೆ ಹಾರ ಹಾಕಿ, ಚಕ್ರದಡಿ ನಿಂಬೆಹಣ್ಣಿಟ್ಟು, ಷೋರೂಮಿನ ಮುಂದೆಯೇ ಪೂಜೆ ಮಾಡಿಸುವ ನಮಗೆ ಇದು ವಿಚಿತ್ರವೆನಿಸದು. ಆದರೆ ಅಮೆರಿಕನ್ನರ ಪಾಲಿಗೆ ಇದು ಹೊಸ ಅನುಭವ. ಜಪಾನಿನ ಕಾರೇ ಬೇಕೆಂದು ಹೊರಟಿದ್ದ ಹಲವರು ಸ್ಯಾಟರ್ನಿನ ಬಾಗಿಲಿಗೆ ಬಂದರು. ಗಿರಾಕಿಗಳ ತೃಪ್ತಿಯನ್ನು ಅಳೆಯುವ ಜೆ.ಡಿ. ಪವರ್ ಸಂಸ್ಥೆಯ ಪಟ್ಟಿಯಲ್ಲಿ 1990ರ ದಶಕದ ಆರಂಭದಲ್ಲಿಯೇ ಸ್ಯಾಟರ್ನ್ ಲೆಕ್ಸಸ್, ಇನ್ಫಿನಿಟಿಯಂಥ ದುಬಾರಿ ಕಾರುಗಳ ಹಿಂದೆಯೇ ನಿಂತಿತು. ಬೆಲೆಯಲ್ಲಿ ಅವುಗಳ ಕಾಲುಭಾಗಕ್ಕೆ ಹತ್ತಿರದ ಕಾರದು.

ತಪ್ಪು ಒಪ್ಪಿಕೊಂಡದ್ದೇ ಬಂಡವಾಳ

ಕಾರು ಮಾರುವಾಗ ಸಿಹಿ ಮಾತಾಡುವುದು ಕಷ್ಟವಲ್ಲ. ಕೆಟ್ಟಾಗಲೇ ಕಂಪೆನಿಯ ಬಣ್ಣ ಹೊರಬೀಳುವುದು. ಸ್ಯಾಟರ್ನಿಗೆ ಈ ಪರೀಕ್ಷೆ ಮೊದಲ ವರ್ಷವೇ ಎದುರಾಯಿತು. 1991ರ ಮೊದಲ ತಿಂಗಳುಗಳಲ್ಲಿ ಕೆಲವು ಕಾರುಗಳ ಸೀಟಿನ ಒರಗು ಹಿಂದಕ್ಕೆ ಜಾರುವ ದೋಷ ಕಂಡಿತು. ದೋಷವಿದ್ದ ಕಾರುಗಳನ್ನು ಕಂಪೆನಿ ವಾಪಸು ಕರೆದು ಪುಕ್ಕಟೆಯಾಗಿ ಸರಿಪಡಿಸುವುದಕ್ಕೆ ಅಲ್ಲಿ ರೀಕಾಲ್ ಎನ್ನುತ್ತಾರೆ. ಈ ರೀಕಾಲ್‌ನ ಸಂದರ್ಭದಲ್ಲಿ ದೂರದ ಅಲಾಸ್ಕದಲ್ಲಿದ್ದ ಒಬ್ಬ ಗಿರಾಕಿಯ ಒಂದು ಸೀಟು ಬದಲಿಸಲು ಮೆಕ್ಯಾನಿಕ್ ವಿಮಾನ ಹತ್ತಿ ಹೋದ. ಇದನ್ನೇ ಕಂಪೆನಿ ಟಿವಿ ಜಾಹೀರಾತು ಮಾಡಿಕೊಂಡಿತು. ತನ್ನ ಕಾರು ಕೆಟ್ಟದ್ದನ್ನೇ ಜಾಹೀರಾತು ಮಾಡಿದ ಕಂಪೆನಿ ಬೇರೆ ಯಾವುದಿದ್ದೀತು!

ಮೇ ತಿಂಗಳಲ್ಲಿ ಇನ್ನೂ ದೊಡ್ಡ ಎಡವಟ್ಟು. ಸರಬರಾಜುದಾರರು ಕಳಿಸಿದ ಕೂಲೆಂಟ್, ಅಂದರೆ ಎಂಜಿನ್ ತಂಪು ಮಾಡುವ ದ್ರವ, ಎಂಜಿನ್ನನ್ನೇ ತಿಂದುಹಾಕುವಷ್ಟು ಖಾರವಾಗಿತ್ತು. ಅದು ಸೇರಿದ್ದು ಸುಮಾರು 1,800 ಕಾರುಗಳಿಗೆ. ರೇಡಿಯೇಟರ್ ತೊಳೆದು ದ್ರವ ಬದಲಿಸಿ ಕಳಿಸಿದ್ದರೆ ಯಾರೂ ಕೇಳುತ್ತಿರಲಿಲ್ಲ. ಸ್ಯಾಟರ್ನ್ ಹಾಗೆ ಮಾಡದೆ ಆ ಗಿರಾಕಿಗಳಿಗೆ ಕಾರನ್ನೇ ಬದಲಿಸಿ ಹೊಸ ಕಾರು ಕೊಟ್ಟಿತು. 1993ರಲ್ಲಿ ವೈರಿಂಗ್ ದೋಷದಿಂದ ಎಂಜಿನ್ ಭಾಗದಲ್ಲಿ ಬೆಂಕಿ ಹೊತ್ತಿಕೊಳ್ಳಬಹುದೆಂದು ಗೊತ್ತಾಗಿ ಸುಮಾರು 3.5 ಲಕ್ಷ ಕಾರುಗಳನ್ನು ವಾಪಸು ಕರೆಯಬೇಕಾಯಿತು. ಅಲ್ಲಿಯವರೆಗೆ ಮಾಡಿದ ಕಾರುಗಳಲ್ಲಿ ಇದು ಬಹುಪಾಲು. ಬೇರೆ ಕಂಪೆನಿಯಾಗಿದ್ದರೆ ಮಾನ ಮೂರು ಕಾಸಿಗೆ ಹೋಗುತ್ತಿತ್ತು. ಸ್ಯಾಟರ್ನ್ ಡೀಲರುಗಳು ರಿಪೇರಿಗೆ ಬಂದವರಿಗೆ ಅಂಗಳದಲ್ಲಿ ಊಟ ಹಾಕಿಸಿದರು. ಜನ ಬೈದುಕೊಂಡು ಬಂದರೂ ನಗುತ್ತ ಹೋದರು.

ಕಾರ್ಖಾನೆಯ ಒಳಗೂ ಇದೇ ಮನೋಭಾವವಿತ್ತು ಎಂಬುದಕ್ಕೆ ಒಂದು ಪ್ರಸಂಗ ಸಾಕು. ಬೇಡಿಕೆ ಏರುತ್ತಿದ್ದ 1991ರಲ್ಲಿ ಹೆಚ್ಚು ಕಾರು ಮಾಡಿ ಎಂದು ಮೇಲಿನಿಂದ ಒತ್ತಡ ಬಂತು. ಆಗ ಜನರಲ್ ಮೋಟಾರ್ಸ್ ಅಧ್ಯಕ್ಷ ರಾಬರ್ಟ್ ಸ್ಟೆಂಪೆಲ್ ಕಾರ್ಖಾನೆಗೆ ಬಂದರು. ಕಾರ್ಮಿಕರು ತೋಳಿಗೆ ಕಪ್ಪು ಮತ್ತು ಕಿತ್ತಳೆ ಬಣ್ಣದ ಪಟ್ಟಿ ಕಟ್ಟಿಕೊಂಡು ಪ್ರತಿಭಟಿಸಿದರು. ಬೇಡಿಕೆ ಸಂಬಳದ್ದಲ್ಲ, ಅವಸರ ಮಾಡಿದರೆ ಗುಣಮಟ್ಟ ಕೆಡುತ್ತದೆ ಎಂಬುದು ಅವರ ತಕರಾರು.

1994ರಲ್ಲಿ 2,86,003 ಕಾರು ಮಾರಾಟವಾದವು. ಆ ವರ್ಷದ ಜೂನ್ ಕೊನೆಯಲ್ಲಿ ಕಂಪೆನಿ ಎಲ್ಲ ಗಿರಾಕಿಗಳನ್ನೂ ಸ್ಪ್ರಿಂಗ್ ಹಿಲ್‌ಗೆ ಆಹ್ವಾನಿಸಿತು. 'ತವರಿಗೆ ಬನ್ನಿ' ಎಂಬ ಧಾಟಿಯ ಕರೆ. ದೇಶದ ಮೂಲೆಮೂಲೆಯಿಂದ ಸುಮಾರು 40 ಸಾವಿರ ಜನ ತಮ್ಮ ಖರ್ಚಿನಲ್ಲೇ ಬಂದರು. ರಜೆ ಸಿಕ್ಕಾಗ ಸಮುದ್ರತೀರಕ್ಕೆ ಹೋಗುವುದು ಬಿಟ್ಟು ಕಾರ್ಖಾನೆ ನೋಡಲು ಬಂದ ಸಂಸಾರಗಳವು. ತಮ್ಮ ಕಾರು ಜೋಡಿಸಿದ ಕಾರ್ಮಿಕರ ಕೈಕುಲುಕಿದರು, ವೈನೋನಾ ಜಡ್ ಹಾಡು ಕೇಳಿದರು, ಮಳೆಗಾಳಿಗೆ ಸಿಕ್ಕಿ ತೊಯ್ದರು. ಎರಡನೆಯ ಸಮಾವೇಶ 1999ರಲ್ಲಿ ನಡೆಯಿತು.

ಅಣ್ಣಂದಿರ ಹೊಟ್ಟೆಯುರಿ

ಈ ಯಶಸ್ಸನ್ನು ಜನರಲ್ ಮೋಟಾರ್ಸ್ ತಲೆಯ ಮೇಲೆ ಹೊತ್ತು ಮೆರೆಸಬೇಕಾಗಿತ್ತು. ಆದದ್ದೇ ಬೇರೆ. ಸ್ಯಾಟರ್ನಿಗೆ ಸುರಿದ ಹಣ 500 ಕೋಟಿ ಡಾಲರ್ ಎಂಬ ಅಂದಾಜಿತ್ತು. ಅಷ್ಟು ಹಣ ತಮಗೆ ಕೊಟ್ಟಿದ್ದರೆ ಎಂದು ಷೆವರ್ಲೆ, ಪಾಂಟಿಯಾಕ್, ಓಲ್ಡ್ಸ್‌ಮೊಬೈಲ್ ವಿಭಾಗಗಳ ಗೊಣಗಾಟ. ಕೊನೆಯ ಮಗನಿಗೆ ಅಪ್ಪ ಆಸ್ತಿಯೆಲ್ಲ ಬರೆದುಕೊಟ್ಟ ಎಂದು ಅಣ್ಣಂದಿರು ಮುನಿದ ಹಾಗೆ. ಸ್ಮಿತ್ ನಿವೃತ್ತರಾದ ಮೇಲೆ ಸ್ಯಾಟರ್ನಿನ ಪರವಾಗಿ ಮಾತನಾಡುವವರು ಮೇಲೆ ಯಾರೂ ಉಳಿಯಲಿಲ್ಲ. 1994ರಲ್ಲಿ ಅದನ್ನು ಕಂಪೆನಿಯ ಸಣ್ಣ ಕಾರು ವಿಭಾಗದೊಳಕ್ಕೆ ಸೇರಿಸಿ ಸ್ವಾತಂತ್ರ್ಯಕ್ಕೆ ಕತ್ತರಿ ಹಾಕಿದರು.

ಮೊದಲ ಕಾರು ಕೊಂಡವರಿಗೆ ಮಕ್ಕಳಾದವು, ದೊಡ್ಡ ಕಾರು ಬೇಕಾಯಿತು. ಸ್ಯಾಟರ್ನಿನಲ್ಲಿ ದೊಡ್ಡ ಕಾರೇ ಇರಲಿಲ್ಲ. ಮೆಚ್ಚಿದ ಅಂಗಡಿ ಬಿಟ್ಟು ಬೇರೆಡೆಗೆ ಹೋಗುವುದು ಅನಿವಾರ್ಯವಾಯಿತು. ಕೊನೆಗೆ 1999ರಲ್ಲಿ ಎಲ್ ಸರಣಿಯ ಕಾರು ಬಂತು. ಅದು ಜರ್ಮನಿಯ ಓಪೆಲ್ ವೆಕ್ಟ್ರಾದ ತಳಹದಿಯ ಮೇಲೆ, ಡೆಲವೇರ್ ರಾಜ್ಯದ ಬೇರೊಂದು ಕಾರ್ಖಾನೆಯಲ್ಲಿ ತಯಾರಾದದ್ದು. ಹೆಚ್ಚು ಓಡಲಿಲ್ಲ. ದೇಶವೆಲ್ಲ ಎಸ್‌ಯುವಿ ಹುಚ್ಚಿನಲ್ಲಿದ್ದಾಗ ಸ್ಯಾಟರ್ನ್ ತನ್ನ ಮೊದಲ ಎಸ್‌ಯುವಿ ವ್ಯೂ ತಂದದ್ದು 2001ರಲ್ಲಿ. ಅದರ ಒಂದು ಬಗೆಯ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಎಷ್ಟು ಕೆಡುತ್ತಿತ್ತೆಂದರೆ ಕಂಪೆನಿ ಅದರ ವಾರಂಟಿಯನ್ನು ಐದು ವರ್ಷ, 75 ಸಾವಿರ ಮೈಲಿಗೆ ಏರಿಸಬೇಕಾಯಿತು.

ನಡುವೆ ಒಂದು ಬೆರಗಿನ ಅಧ್ಯಾಯವೂ ಇದೆ. 1996ರ ಕೊನೆಯಲ್ಲಿ ಜನರಲ್ ಮೋಟಾರ್ಸ್ ಇವಿ-1 ಎಂಬ ವಿದ್ಯುತ್ ಕಾರನ್ನು ಬೀದಿಗಿಳಿಸಿದಾಗ ಅದನ್ನು ಗಿರಾಕಿಗಳಿಗೆ ತಲುಪಿಸುವ ಹೊಣೆ ಕೊಟ್ಟದ್ದು ಸ್ಯಾಟರ್ನ್ ಡೀಲರುಗಳಿಗೆ. ಬೆಂಗಳೂರಿನ ರೇವಾ ಕಾರು ಬರುವುದಕ್ಕೆ ಐದು ವರ್ಷ ಮೊದಲಿನ ಮಾತಿದು. ತಯಾರಾದದ್ದು 1,117 ಕಾರು. ಮಾರಾಟವಿಲ್ಲ, ಲೀಸಿಗೆ ಮಾತ್ರ. ಪಡೆದವರು ಅದನ್ನು ಬಿಟ್ಟುಕೊಡಲು ಒಪ್ಪಲಿಲ್ಲ. ಕಂಪೆನಿ ಬಿಡಲಿಲ್ಲ. ಎಲ್ಲವನ್ನೂ ವಾಪಸು ಪಡೆದು ಹೆಚ್ಚಿನವನ್ನು ಜಜ್ಜಿ ಗುಜರಿಗೆ ಹಾಕಿತು. 2005ರಲ್ಲಿ ಕ್ಯಾಲಿಫೋರ್ನಿಯದ ಬರ್‌ಬ್ಯಾಂಕ್‌ನಲ್ಲಿ ಉಳಿದಿದ್ದ 78 ಕಾರುಗಳಿಗೆ 19 ಲಕ್ಷ ಡಾಲರ್ ಕೊಡುತ್ತೇವೆಂದು ಅಭಿಮಾನಿಗಳು ಕಾವಲು ಕೂತರೂ ಕಂಪೆನಿ ಮನಸ್ಸು ಕರಗಲಿಲ್ಲ.

ಕಾರ್ಖಾನೆಯೊಳಗಿನ ಸಹಬಾಳ್ವೆಯೂ ಸಡಿಲಾಯಿತು. ಸ್ಯಾಟರ್ನಿನ ಪ್ರತ್ಯೇಕ ಒಪ್ಪಂದ ಕಾರ್ಮಿಕ ಸಂಘದ ಹೊಸ ರಾಷ್ಟ್ರೀಯ ನಾಯಕತ್ವಕ್ಕೆ ರುಚಿಸಲಿಲ್ಲ. ಆಡಳಿತದೊಂದಿಗೆ ಹೊಂದಿಕೊಂಡು ನಡೆದ ಸ್ಥಳೀಯ ಅಧ್ಯಕ್ಷ ಮೈಕೇಲ್ ಬೆನೆಟ್ 1999ರ ಚುನಾವಣೆಯಲ್ಲಿ ಸೋತರು. 2003ರ ಕೊನೆಗೆ ಕಾರ್ಮಿಕರೇ ಮತ ಹಾಕಿ ತಮ್ಮ 28 ಪುಟದ ಒಪ್ಪಂದದ ಪರಂಪರೆಯನ್ನು ಕೈಬಿಟ್ಟು ಎಲ್ಲರಂಥ ಒಪ್ಪಂದಕ್ಕೆ ಸೇರಿಕೊಂಡರು.

ಅಯಾನ್‌ನ ಕೀ

ಹಳೆಯ ಎಸ್ ಸರಣಿಯ ಕಾರು 2002ರಲ್ಲಿ ನಿಂತಿತು. ಅದರ ಜಾಗಕ್ಕೆ ಬಂದದ್ದು ಅಯಾನ್. ಇದೂ ಸ್ಪ್ರಿಂಗ್ ಹಿಲ್‌ನಲ್ಲೇ ತಯಾರಾಯಿತು, ಬಾಗಿಲುಗಳೂ ಪ್ಲಾಸ್ಟಿಕ್ಕಿನವೇ. ಆದರೆ ಒಳಗಿನ ಬಹುಪಾಲು ಭಾಗಗಳು ಜನರಲ್ ಮೋಟಾರ್ಸ್‌ನ ಬೇರೆ ಸಣ್ಣ ಕಾರುಗಳೊಂದಿಗೆ ಹಂಚಿಕೊಂಡವು. ಅವುಗಳಲ್ಲಿ ಒಂದು ಇಗ್ನಿಷನ್ ಸ್ವಿಚ್.

ಈ ಸ್ವಿಚ್ಚಿನ ಒಳಗಿನ ಸ್ಪ್ರಿಂಗ್ ದುರ್ಬಲವಾಗಿತ್ತು. ಕೀಗೊಂಚಲು ಭಾರವಾಗಿದ್ದರೆ, ಮೊಣಕಾಲು ತಗುಲಿದರೆ, ರಸ್ತೆಯ ಗುಂಡಿಗೆ ಚಕ್ರ ಇಳಿದರೆ ಕೀ ತಾನಾಗಿ ಹಿಂದಕ್ಕೆ ತಿರುಗುತ್ತಿತ್ತು. ಓಡುತ್ತಿರುವ ಕಾರಿನ ಎಂಜಿನ್ ಆಫ್. ಸ್ಟಿಯರಿಂಗ್ ಕಲ್ಲಿನಂತೆ ಬಿಗಿ. ಎಲ್ಲಕ್ಕಿಂತ ಅಪಾಯವೆಂದರೆ, ಗುದ್ದಿದಾಗ ಬಿಚ್ಚಿಕೊಳ್ಳಬೇಕಾದ ಏರ್‌ಬ್ಯಾಗ್ ಬಿಚ್ಚಿಕೊಳ್ಳುತ್ತಿರಲಿಲ್ಲ. ಅಯಾನ್ ಇನ್ನೂ ತಯಾರಿಯ ಹಂತದಲ್ಲಿದ್ದಾಗ, 2001ರಲ್ಲೇ, ಕಂಪೆನಿಯ ಒಳಗಿನ ವರದಿಯೊಂದು ಈ ದೋಷವನ್ನು ಹೇಳಿತ್ತು. ಆದರೂ ಕಾರು ಮಾರುಕಟ್ಟೆಗೆ ಬಂತು. 2006ರಲ್ಲಿ ಸ್ವಿಚ್ಚಿನ ವಿನ್ಯಾಸ ಬದಲಿಸಿದರೂ ಅದರ ಭಾಗಸಂಖ್ಯೆ ಮಾತ್ರ ಬದಲಾಗಲಿಲ್ಲ. ಹೀಗಾಗಿ ಹಳೆಯದು ಯಾವುದು, ಹೊಸದು ಯಾವುದು ಎಂಬುದು ಹೊರಗಿನವರಿಗೆ ತಿಳಿಯಲು ವರ್ಷಗಳೇ ಬೇಕಾದವು.

ರೀಕಾಲ್ ಆದದ್ದು 2014ರಲ್ಲಿ. ವಿವಿಧ ಬ್ರಾಂಡುಗಳ ಸುಮಾರು 26 ಲಕ್ಷ ಕಾರುಗಳು ಅದರಲ್ಲಿದ್ದವು. ಪರಿಹಾರ ನಿಧಿ 124 ಸಾವುಗಳಿಗೆ ಈ ದೋಷವನ್ನು ಹೊಣೆ ಮಾಡಿತು. ಮುಖ್ಯಸ್ಥೆ ಮೇರಿ ಬಾರಾ ಅಮೆರಿಕದ ಸಂಸತ್ತಿನ ಮುಂದೆ ಕ್ಷಮೆ ಕೇಳಿದರು. 2015ರಲ್ಲಿ ಸರ್ಕಾರದೊಂದಿಗಿನ ಇತ್ಯರ್ಥಕ್ಕೆ ಕಂಪೆನಿ 90 ಕೋಟಿ ಡಾಲರ್ ತೆತ್ತಿತು. ದೋಷ ಸರಿಪಡಿಸುವ ಬಿಡಿಭಾಗದ ಬೆಲೆ ಒಂದು ಡಾಲರಿಗೂ ಕಡಿಮೆ ಎಂಬುದು ಸಂಸತ್ತಿನ ವಿಚಾರಣೆಯಲ್ಲಿ ಹೊರಬಿತ್ತು.

ಕೂಲೆಂಟ್ ಕೆಟ್ಟದ್ದಕ್ಕೆ ಕಾರನ್ನೇ ಬದಲಿಸಿಕೊಟ್ಟ ಸಂಸ್ಥೆ ಮತ್ತು ಸ್ವಿಚ್ ಕೆಟ್ಟದ್ದನ್ನು ಹತ್ತು ವರ್ಷಕ್ಕೂ ಮೇಲ್ಪಟ್ಟು ಬಚ್ಚಿಟ್ಟ ಸಂಸ್ಥೆ, ಎರಡರ ಕಾರಿನ ಮೇಲೂ ಇದ್ದದ್ದು ಒಂದೇ ಹೆಸರು. ಮೊದಲಿನದರಲ್ಲಿ ತೀರ್ಮಾನ ಸ್ಪ್ರಿಂಗ್ ಹಿಲ್‌ನದು. ಎರಡನೆಯದರಲ್ಲಿ ಡೆಟ್ರಾಯಿಟ್‌ನ ದೊಡ್ಡ ಕಚೇರಿಯದು. ಸ್ಯಾಟರ್ನಿನಿಂದ ಜನರಲ್ ಮೋಟಾರ್ಸ್ ಪಾಠ ಕಲಿಯಲಿ ಎಂಬುದು ರೋಜರ್ ಸ್ಮಿತ್ ಅವರ ಆಸೆಯಾಗಿತ್ತು. ಕಲಿತದ್ದು ಸ್ಯಾಟರ್ನ್, ಅದೂ ಜನರಲ್ ಮೋಟಾರ್ಸ್‌ನಿಂದ.

ಕೊನೆಯ ಗಿರಾಕಿ

ಆರುವ ದೀಪ ಜೋರಾಗಿ ಉರಿಯಿತು. 2006ರಿಂದ ಔರಾ, ಸ್ಕೈ, ಔಟ್‌ಲುಕ್ ಎಂದು ಒಂದರ ಹಿಂದೊಂದು ಹೊಸ ಮಾದರಿಗಳು. ಔರಾ 2007ರ ಉತ್ತರ ಅಮೆರಿಕದ ವರ್ಷದ ಕಾರು ಪ್ರಶಸ್ತಿ ಪಡೆಯಿತು. ಬೆಲ್ಜಿಯಂನಿಂದ ತರಿಸಿದ ಅಸ್ಟ್ರಾ 2008ರಲ್ಲಿ ಬಂತು. (ಓಪೆಲ್ ಅಸ್ಟ್ರಾ ಎಂಬ ಹೆಸರು ನಮ್ಮಲ್ಲೂ ಪರಿಚಿತ. ಅದರ ಹಿಂದಿನ ತಲೆಮಾರು 1996ರಿಂದ ಗುಜರಾತಿನ ಹಾಲೋಲ್‌ನಲ್ಲಿ ತಯಾರಾಗುತ್ತಿತ್ತು.) ಯಂತ್ರಗಳ ಲೆಕ್ಕದಲ್ಲಿ ಇವು ಸ್ಯಾಟರ್ನ್ ಮಾರಿದ ಅತ್ಯುತ್ತಮ ಕಾರುಗಳು. ಆದರೆ ಪ್ಲಾಸ್ಟಿಕ್ ಬಾಗಿಲು ಹೋಗಿತ್ತು, ಸ್ಪ್ರಿಂಗ್ ಹಿಲ್‌ನಲ್ಲಿ ಸ್ಯಾಟರ್ನ್ ತಯಾರಿಕೆ 2007ರಲ್ಲೇ ನಿಂತಿತ್ತು. ಈ ಕಾರುಗಳ ಅವಳಿಜವಳಿಗಳು ಬೇರೆ ಹೆಸರಿನಲ್ಲಿ ಪಕ್ಕದ ಅಂಗಡಿಯಲ್ಲೂ ಸಿಗುತ್ತಿದ್ದವು. 1994ರ ಮಾರಾಟದ ದಾಖಲೆಯನ್ನು ಕೊನೆಗೂ ಮುರಿಯಲಾಗಲಿಲ್ಲ.

2009ರ ಜೂನ್ 1ರಂದು ಜನರಲ್ ಮೋಟಾರ್ಸ್ ದಿವಾಳಿ ಅರ್ಜಿ ಹಾಕಿತು. ನಾಲ್ಕೇ ದಿನದಲ್ಲಿ ಆಶೆಯ ಎಳೆಯೊಂದು ಕಂಡಿತು: ಕಾರು ರೇಸು ಮತ್ತು ಕಾರು ಮಾರಾಟದಲ್ಲಿ ಹೆಸರಾದ ರೋಜರ್ ಪೆನ್ಸ್ಕಿ ಅವರ ಕಂಪೆನಿ ಸ್ಯಾಟರ್ನ್ ಕೊಳ್ಳಲು ಮುಂದೆ ಬಂತು. ಅವರಿಗೆ ಬೇಕಾಗಿದ್ದುದು ಕಾರ್ಖಾನೆಯಲ್ಲ. ಸುಮಾರು 350 ಡೀಲರುಗಳ ಜಾಲ ಮತ್ತು ಅವರು ಗಿರಾಕಿಗಳಲ್ಲಿ ಉಳಿಸಿಕೊಂಡಿದ್ದ ಒಳ್ಳೆಯ ಹೆಸರು. ಕಾರನ್ನು ಬೇರೆಯವರಿಂದ ಮಾಡಿಸಿಕೊಳ್ಳುವ ಯೋಚನೆ. ಸೆಪ್ಟೆಂಬರ್ 30ರಂದು ಆ ಮಾತುಕತೆ ಮುರಿದುಬಿತ್ತು. ಕಾರು ಒದಗಿಸಬೇಕಾಗಿದ್ದ ಕಂಪೆನಿ ಹಿಂಜರಿಯಿತು. ಅದು ಫ್ರಾನ್ಸಿನ ರೆನೋ ಎಂದು ಪತ್ರಿಕೆಗಳು ಬರೆದವು. 2010ರ ಅಕ್ಟೋಬರ್ ಕೊನೆಗೆ ಡೀಲರುಗಳ ಒಪ್ಪಂದಗಳೂ ಮುಗಿದವು.

ಹೀಗೆ ಬ್ರಾಂಡು ಸತ್ತ ಮೇಲೆ ಕಾರು ಇಟ್ಟುಕೊಂಡವರ ಗತಿ ಏನು? 2017ರ ಕೊನೆಗೆ ಜನರಲ್ ಮೋಟಾರ್ಸ್ ಭಾರತದಲ್ಲಿ ಷೆವರ್ಲೆ ಮಾರಾಟ ನಿಲ್ಲಿಸಿದಾಗ ನಮ್ಮ ಬೀಟ್, ತವೇರಾ ಮಾಲೀಕರಿಗೂ ಎದುರಾದ ಪ್ರಶ್ನೆ ಇದು. ವಾರಂಟಿ, ಸರ್ವಿಸ್ ಮುಂದುವರಿಸುತ್ತೇವೆ ಎಂಬ ಭರವಸೆ ಅಲ್ಲೂ ಸಿಕ್ಕಿತು. ಸ್ಯಾಟರ್ನ್ ಮಾಲೀಕರು ಷೆವರ್ಲೆ, ಬ್ಯೂಕ್‌ಗಳ ವರ್ಕ್‌ಷಾಪಿಗೆ ಹೋಗತೊಡಗಿದರು. ಕೆಲಸ ಆಗುತ್ತಿತ್ತು. ಹೆಸರು ಹಿಡಿದು ಕರೆಯುವವರು, ಕಾಫಿ ಕೊಡುವವರು ಇರಲಿಲ್ಲ ಅಷ್ಟೆ. 2014ರಲ್ಲಿ ಇಗ್ನಿಷನ್ ಸ್ವಿಚ್ಚಿನ ವಿಷಯ ತಿಳಿಸುವ ಪತ್ರ ಅಯಾನ್ ಮಾಲೀಕರ ಮನೆಗೆ ಬಂದಾಗ ಹೋಗಿ ಜಗಳವಾಡಲು ಸ್ಯಾಟರ್ನ್ ಅಂಗಡಿಯೇ ಇರಲಿಲ್ಲ. ರಿಪೇರಿ ಆಗುವವರೆಗೆ ಗೊಂಚಲಿನಿಂದ ಬೇರೆ ಕೀಗಳನ್ನೆಲ್ಲ ತೆಗೆದು ಕಾರಿನ ಕೀ ಒಂದನ್ನೇ ಬಳಸಿ ಎಂಬುದು ಅವರಿಗೆ ಕೊಟ್ಟ ಸಲಹೆ.

ಹಳೆಯ ಎಸ್ ಸರಣಿಯ ಕಾರುಗಳು ಮಾತ್ರ ಸುಲಭಕ್ಕೆ ಸಾಯುವ ಜಾತಿಯಲ್ಲ. ಅವುಗಳಿಗೆ ಒಂದು ದುರ್ಗುಣವಿದೆ: ವಯಸ್ಸಾದಂತೆ ಪಿಸ್ಟನ್ ರಿಂಗು ಹಿಡಿದುಕೊಂಡು ಎಂಜಿನ್ ಆಯಿಲ್ ಕುಡಿಯತೊಡಗುತ್ತವೆ. ಇದು ಗೊತ್ತಿಲ್ಲದೆ ಆಯಿಲ್ ಬತ್ತಿಸಿ ಎಂಜಿನ್ ಸುಟ್ಟುಕೊಂಡವರು ಹಲವರು. ಗೊತ್ತಿದ್ದವರು ಪೆಟ್ರೋಲ್ ಹಾಕಿಸಿದಾಗಲೆಲ್ಲ ಕಡ್ಡಿ ಎತ್ತಿ ಆಯಿಲ್ ನೋಡುತ್ತಾರೆ, ಡಿಕ್ಕಿಯಲ್ಲಿ ಒಂದು ಡಬ್ಬಿ ಇಟ್ಟುಕೊಂಡೇ ತಿರುಗುತ್ತಾರೆ. ಎಂಜಿನ್ನಿನ ಸಾಮಾನ್ಯ ಬಿಡಿಭಾಗಗಳನ್ನು ಹೊರಗಿನ ತಯಾರಕರು ಮಾಡುತ್ತಾರೆ. ಪ್ಲಾಸ್ಟಿಕ್ ಬಾಗಿಲ ಹೊದಿಕೆಯನ್ನು ಹೊಸದಾಗಿ ಯಾರೂ ಮಾಡುವುದಿಲ್ಲ, ಹಳೆಯದಾದಂತೆ ಅದು ಪೆಡಸಾಗಿ ಬಿರುಕು ಬಿಡುತ್ತದೆ. ಅದಕ್ಕೆ ಗುಜರಿ ಅಂಗಳವೇ ಗತಿ. ಟಿಂಕರಿಂಗ್ ಬೇಡ, ವೆಲ್ಡಿಂಗ್ ಬೇಡ, ನಾಲ್ಕು ಬೋಲ್ಟ್ ಬಿಚ್ಚಿದರೆ ಹೊದಿಕೆ ಕೈಗೆ ಬರುತ್ತದೆ. ಬಣ್ಣ ಹೊಂದದಿದ್ದರೂ ತಲೆಕೆಡಿಸಿಕೊಳ್ಳದೆ ಕೆಂಪು ಕಾರಿಗೆ ಹಸಿರು ಬಾಗಿಲು ಹಾಕಿಕೊಂಡು ಹೋಗುವವರಿದ್ದಾರೆ.

ಸ್ಪ್ರಿಂಗ್ ಹಿಲ್ ಈಗ ಹಳ್ಳಿಯಲ್ಲ, ಹತ್ತಾರು ಸಾವಿರ ಜನರ ಪಟ್ಟಣ. ಕಾರ್ಖಾನೆ ಕೆಲಕಾಲ ಕಾರು ಜೋಡಣೆ ನಿಲ್ಲಿಸಿ 2012ರಲ್ಲಿ ಮತ್ತೆ ಕಾರು ಜೋಡಿಸತೊಡಗಿತು. ಕ್ಯಾಡಿಲ್ಯಾಕ್‌ನ ಲಿರಿಕ್ ಎಂಬ ವಿದ್ಯುತ್ ಕಾರು 2022ರಲ್ಲಿ ಅಲ್ಲಿಂದ ಹೊರಬರತೊಡಗಿತು.